ನಾನು ಹಿಡಿಯದ ವ್ರತ

ಮೊನ್ನೆ ಬೀದರಿನ ಬಸ್ ನಿಲ್ದಾಣದಲ್ಲಿ ಪಕ್ಕದಲ್ಲಿ ಕೂತಿದ್ದ ಹೆಂಗಸೊಬ್ಬಳು ಸೆರಗಿನ ಗಂಟು ಬಿಚ್ಚಿ, ಒಂದು ಲವಂಗ ತೆಗೆದು ಬಾಯಿಗೆ ಹಾಕಿಕೊಂಡು ಕಟಕ್ಕೆಂದು ಕಡಿದಳು. ಘಾಟು ಮೂಗಿಗೆ ಬಡಿದದ್ದೇ ತಡ, ನಾನು ಎದ್ದು ದೂರದ ಬೆಂಚಿಗೆ ಹೋಗಿ ಕೂತೆ. ಪಾಪ, ಆಕೆಯದೇನೂ ತಪ್ಪಿಲ್ಲ. ಹಲ್ಲುನೋವೋ ಕೆಮ್ಮೋ ಇದ್ದಿರಬೇಕು. ನನ್ನ ಅಡುಗೆಮನೆಯಲ್ಲಿ ಲವಂಗ ಇಲ್ಲ. ಮಸಾಲೆ ಅನ್ನಕ್ಕೂ ಹಾಕುವುದಿಲ್ಲವೇ ಎಂದು ಮಗಳು ಜಗಳ ತೆಗೆಯುತ್ತಾಳೆ. ಇಲ್ಲ ಎಂದರೆ ಇಲ್ಲ ಎನ್ನುತ್ತೇನೆ. ಕಾರಣ ಹೇಳಿಲ್ಲ.

ನಮ್ಮ ಕಡೆ ಶಾಲೆಯ ಶಿಕ್ಷಕಿಗೆ ಅಕ್ಕೋರು ಎನ್ನುತ್ತಾರೆ. ನಮ್ಮೂರಿನ ಅಕ್ಕೋರ ಕೆನ್ನೆಯೊಳಗೆ ಯಾವಾಗಲೂ ಒಂದು ಲವಂಗ ಇರುತ್ತಿತ್ತು. ದಿನವಿಡೀ ಕೂಗಿ ಕೂಗಿ ಪಾಠ ಮಾಡುವ ಗಂಟಲಿಗೆ ಅದು ಬೇಕೆನ್ನುತ್ತಿದ್ದರು. ಭಾಲ್ಕಿಯವರು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ನಮ್ಮ ಮನೆಗೆ ಹೊಂದಿಕೊಂಡ ಕೋಣೆಯಲ್ಲಿ ಬಾಡಿಗೆಗಿದ್ದರು. ಎರಡು ಮನೆಗೂ ನಡುವೆ ಒಂದೇ ಗೋಡೆ. ಈ ಕಡೆ ಒಗ್ಗರಣೆ ಹಾಕಿದರೆ ಆ ಕಡೆ ಸೀನುತ್ತಿದ್ದರು.

ಊರು ಔರಾದ ತಾಲೂಕಿನದು, ಎಕಂಬಾ ಕಡೆ ಹೋಗುವ ರಸ್ತೆಯಿಂದ ಒಳಗೆ. ನನ್ನ ಅಪ್ಪ ಗೌಂಡಿ, ಗೋಡೆ ಕಟ್ಟುವವನು. ನಾನೊಬ್ಬಳೇ ಮಗಳು. ಊರಿಗೆಲ್ಲ ನನ್ನ ಹೆಸರು ಮೂಗಿ. ಮೂಗಿ ನಾನಾಗಿರಲಿಲ್ಲ. ಮನೆಯಲ್ಲಿ ಅವ್ವನ ತಲೆ ತಿನ್ನುವಷ್ಟು ಮಾತಾಡುತ್ತಿದ್ದೆ. ಹೊಸ್ತಿಲು ದಾಟಿ ಹೊರಗೆ ಬಂದು ನಾಲ್ಕು ಜನರ ಕಣ್ಣು ನನ್ನ ಮೇಲೆ ಬಿದ್ದರೆ ಮುಗಿಯಿತು. ಗಂಟಲು ಕಟ್ಟುತ್ತಿತ್ತು, ಅಂಗೈ ಬೆವರುತ್ತಿತ್ತು, ಎದೆ ಹೊಡೆದುಕೊಳ್ಳುವುದು ಪಕ್ಕದವರಿಗೂ ಕೇಳುತ್ತಿದೆ ಅನಿಸುತ್ತಿತ್ತು. ಶಾಲೆಯಲ್ಲಿ ಹಾಜರಿ ಕೂಗುವಾಗ ನನ್ನ ಸರದಿ ಹತ್ತಿರ ಬರುತ್ತಿದ್ದಂತೆ ಬೆಂಚಿನ ಅಂಚು ಹಿಡಿದು ಕೂರುತ್ತಿದ್ದೆ. ಹೇಳಬೇಕಾದದ್ದು ಒಂದೇ ಮಾತು. ಅದು ಬರುತ್ತಿರಲಿಲ್ಲ. ಆಮೇಲೆ ರಾತ್ರಿ ಮಲಗುವ ತನಕ ಅದನ್ನೇ ನೆನೆನೆನೆದು ಸಾಯುವುದು... ಯಾರು ನಕ್ಕರು, ಯಾರು ಹೇಗೆ ನೋಡಿದರು, ನಾಳೆ ಏನಾಗುತ್ತದೆ. ಸೊಕ್ಕಿನ ಹುಡುಗಿ ಎಂದರು ಕೆಲವರು. ದೆವ್ವ ಬಡಿದಿದೆ ಎಂದು ತಾಯಿತ ಕಟ್ಟಿಸಿದರು ಕೆಲವರು. ತಾಯಿತಕ್ಕೂ ನನ್ನ ಗಂಟಲಿಗೂ ಪರಿಚಯವೇ ಆಗಲಿಲ್ಲ.

ಒಂದು ದಿನ ಹಿತ್ತಲಲ್ಲಿ ನಮ್ಮ ಆಡು ಅಪ್ಪನ ಅಂಗಿಯ ತೋಳು ತಿನ್ನುತ್ತಿತ್ತು. ಬಾಯಿಗೆ ಬಂದಂತೆ ಬೈದೆ. ತಲೆ ಎತ್ತಿದರೆ ಹಿತ್ತಲ ಗೋಡೆಯ ಮೇಲಿಂದ ಇಣುಕಿದ ಅಕ್ಕೋರ ಮುಖ.

"ಆಡಿನ ಮುಂದ ಇಷ್ಟು ಚಂದ ಮಾತಾಡ್ತಿ. ನನ್ನ ಮುಂದ ಯಾಕ ಇಲ್ಲ?" ಎಂದು ಕೇಳಿದರು.

ಓಡಿಹೋದೆ. ಆದರೆ ಅವರು ಬಿಡಲಿಲ್ಲ. ಮರುದಿನ ಕರೆದು ಬಾಗಿಲು ಅರೆ ಮುಚ್ಚಿ, ನನಗೆ ಬೆನ್ನು ಹಾಕಿ ರೊಟ್ಟಿ ಬಡಿಯುತ್ತ ಕೂತರು. ನಾನು ಉತ್ತರಿಸಲೇಬೇಕೆಂಬ ಒತ್ತಾಯವಿರಲಿಲ್ಲ, ನೋಡುವ ಕಣ್ಣೂ ಇರಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಆ ಬೆನ್ನಿಗೆ ನಾನು, ಅವ್ವನಿಗೂ ಹೇಳದಿದ್ದ ಮಾತನ್ನು ಹೇಳಿದೆ. "ಎಲ್ಲಾರೂ ನನ್ನೇ ನೋಡ್ತಾರ ಅನಸ್ತದರಿ. ತಪ್ಪಿದ್ರ ನಗ್ತಾರ ಅನಸ್ತದ." ರೊಟ್ಟಿ ಬಡಿಯುವ ಸದ್ದು ನಿಂತಿತು. ತಿರುಗಿ ನೋಡದೆಯೇ ಅವರೆಂದರು: "ಇದು ಸೊಕ್ಕಲ್ಲ, ದೆವ್ವಾನೂ ಅಲ್ಲ. ಅಂಜಿಕಿ. ಅಂಜಿಕಿ ಬಿಡಸಲಿಕ್ಕಿ ಬರ್ತದ. ಒಮ್ಮೆಲೇ ಅಲ್ಲ, ಸಾವಕಾಶ."

ಅವತ್ತು ನಾನು ಎಷ್ಟು ಅತ್ತೆ ಅಂದರೆ... ಇರಲಿ.

ಸಾವಕಾಶವಾಗಿಯೇ ಶುರುವಾಯಿತು. ಮೊದಲು ಅವರ ಬೆನ್ನಿಗೆ ಪಾಠ ಓದುವುದು. ಅದು ಸಲೀಸಾದ ಮೇಲೆ ಅವರು ಓರೆಯಾಗಿ ಕೂತರು, ಆಮೇಲೆ ಎದುರಿಗೆ. ಅಂಜಿಕೆ ಬಂದಾಗ ಕಡಿಯಲೆಂದು ನನಗೂ ಒಂದು ಲವಂಗ ಕೊಡುತ್ತಿದ್ದರು. ಬಾಯಿ ಚುರುಚುರು ಅಂದರೆ ಎದೆಯ ಸದ್ದು ಮರೆಯುತ್ತದೆ ಎನ್ನುವುದು ಅವರ ಲೆಕ್ಕ. ಊರಲ್ಲಿ ಯಾರಿಗೂ ಹೇಳಲಿಲ್ಲ, ಅದು ನಮ್ಮಿಬ್ಬರ ಗುಟ್ಟು. ಪಾಠ ಹೇಳಿಸಿಕೊಳ್ಳಲು ಹೋಗುತ್ತಾಳೆ ಎಂದಷ್ಟೇ ಮನೆಯಲ್ಲೂ ಗೊತ್ತು.

ಬೇಸಿಗೆಯಲ್ಲಿ ಅವರು ತಮ್ಮ ಊರಿಗೆ ಹೊರಟಾಗ ನನ್ನನ್ನೂ ಭಾಲ್ಕಿಗೆ ಕರೆದೊಯ್ದರು. ಅಲ್ಲಿ ನನ್ನ ಗುರುತಿನವರು ಯಾರೂ ಇಲ್ಲ, ಅದೇ ಬೇಕಾಗಿತ್ತು. ಪೇಟೆಯಲ್ಲಿ ಬಳೆ ಅಂಗಡಿಯ ಮುಂದೆ ನಿಲ್ಲಿಸಿ, "ಕೇಳು" ಎಂದರು. ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. "ಹಸರ ಬಳಿ ತೋರಸ್ರಿ," ಎಂದೆ. ಹೇಳಿಯೇಬಿಟ್ಟೆ! ಅಂಗಡಿಯವನು, "ಯಾವ ಅಳತಿ ಬೇಕಮ್ಮಾ?" ಎಂದು ಕೇಳಿದ. ಪ್ರಶ್ನೆ ಬರುತ್ತದೆಂದು ನಾನು ಎಣಿಸಿಯೇ ಇರಲಿಲ್ಲ. ಅಕ್ಕೋರ ಕಡೆ ನೋಡಿದೆ. ಅವರು ಮೇಲೆ ತೂಗುಹಾಕಿದ್ದ ರಿಬ್ಬನ್ನುಗಳನ್ನು ನೋಡುತ್ತ ನಿಂತಿದ್ದರು, ನನ್ನನ್ನು ಕಂಡೇ ಇಲ್ಲವೆಂಬಂತೆ. ಕೊನೆಗೆ ಕೈ ಮುಂದೆ ಚಾಚಿ, "ಈ ಕೈಗಿ ಬರೋವು," ಎಂದೆ. ಅವನು ನಗಲಿಲ್ಲ. ಬಳೆ ಕೊಟ್ಟ. ಜಗತ್ತು ಹಾಗೇ ಇತ್ತು.

ಹೊರಗೆ ಬಂದ ಮೇಲೆ ಅಕ್ಕೋರು ನನ್ನ ಬೆನ್ನು ತಟ್ಟಿದರು. "ಶಾಬಾಸ್! ಈ ವರ್ಷ ಝಂಡಾ ದಿನ ಇಡೀ ಊರ ಮುಂದ ನೀನೇ ಓದಬೇಕು. ನಾನೇ ಬರದು ಕೊಡ್ತೇನಿ." ಆಗಸ್ಟ್ ಹದಿನೈದಕ್ಕೆ ಶಾಲೆಯ ಅಂಗಳದಲ್ಲಿ ಊರೆಲ್ಲ ಸೇರುತ್ತಿತ್ತು. ಮೂಗಿ ಎಂದವರೆಲ್ಲ ಮುಂದೆ ಕೂತಿರುತ್ತಾರೆ, ನಾನು ನಿಂತು ಓದುತ್ತೇನೆ. ಜೀವನದಲ್ಲಿ ಅಲ್ಲಿಯವರೆಗೆ ನಾನು ಬೇಕು ಎಂದು ಆಸೆಪಟ್ಟದ್ದು ಅದೊಂದನ್ನೇ. ಅವರು ಬರೆದುಕೊಟ್ಟದ್ದನ್ನು ಆಡಿಗೆ ಓದಿ ಓದಿ, ಅದಕ್ಕೂ ಬಾಯಿಪಾಠವಾಗಿರಬೇಕು.

ಎಂಬತ್ತರ ದಶಕದ ಬರದ ವರ್ಷಗಳವು. ಹಿಂದಿನ ಎರಡು ಮಳೆಗಾಲ ಕೈಕೊಟ್ಟಿದ್ದವು, ಮೂರನೆಯದೂ ಅದೇ ದಾರಿ ಹಿಡಿದಿತ್ತು. ಬೆಳಿಗ್ಗೆ ಎದ್ದರೆ ಇನ್ನೊಂದು ಮನೆಗೆ ಬೀಗ. ಕೆಲವರು ಹೈದರಾಬಾದಿಗೆ ಕಟ್ಟಡ ಕೆಲಸಕ್ಕೆ, ಕೆಲವರು ಮಹಾರಾಷ್ಟ್ರದ ಕಡೆ. ಮಕ್ಕಳನ್ನೂ ಪಾತ್ರೆಪಗಡೆಗಳ ಜೊತೆ ಲಾರಿಗೆ ಏರಿಸಿಕೊಂಡು ಹೋಗುತ್ತಿದ್ದರು. ಶಾಲೆಯ ಬೆಂಚುಗಳು ಖಾಲಿಯಾಗುತ್ತ ಬಂದವು. ಮಕ್ಕಳಿಲ್ಲದಿದ್ದರೆ ಶಾಲೆ ಮುಚ್ಚುತ್ತೇವೆ ಎಂದು ಮೇಲಿನವರು ಅಕ್ಕೋರಿಗೆ ಹೇಳಿಹೋಗಿದ್ದರು. ಬರದಲ್ಲಿ ಮನೆ ಕಟ್ಟಿಸುವವರು ಯಾರು? ನಮ್ಮ ಅಪ್ಪನಿಗೂ ಕೆಲಸವಿರಲಿಲ್ಲ. ಹೈದರಾಬಾದಿನ ಮೇಸ್ತ್ರಿಯೊಬ್ಬ ಜಲ್ದಿ ಬಾ ಎಂದು ಹೇಳಿಕಳಿಸಿದ್ದ. ಅಪ್ಪ ಗಾರೆ ಮೆತ್ತುವ ಕರಣಿಯನ್ನು ಗಂಟು ಕಟ್ಟಿ ಇಟ್ಟಿದ್ದ, ಝಂಡಾ ಮುಗಿಸಿ ಹೋಗೋಣವೆಂದು ಅವ್ವನ ಮೂಲಕ ಕೇಳಿಸಬೇಕೆಂದು ನಾನಿದ್ದೆ.

ಊರಿಗೆಲ್ಲ ನೀರು ಬರುತ್ತಿದ್ದದ್ದು ಒಂದೇ ಕೈಪಂಪಿನಲ್ಲಿ. ಝಂಡಾಕ್ಕೆ ಇನ್ನು ಕೆಲವೇ ದಿನ ಇರುವಾಗ ಒಂದು ಬೆಳಿಗ್ಗೆ ಅಲ್ಲಿ ಇಬ್ಬರು ಹೆಂಗಸರಿಗೆ ಜಗಳ ಹತ್ತಿತು, ಯಾರ ಕೊಡ ಮೊದಲು ಇತ್ತು ಎಂದು. ಎಲ್ಲರಿಗಿಂತ ಮೊದಲು ಬಂದು ನಿಂತವಳು ನಾನು.

"ಈ ಪೋರಿ ನಸುಕಿನಿಂದ ಇಲ್ಲೇ ನಿಂತಾಳ, ಈಕೀಗಿ ಕೇಳು! ಹೇಳಬೇ, ಯಾರ ಕೊಡ ಇತ್ತು?" ಎಂದಳು ಅವರಲ್ಲೊಬ್ಬಳು.

ಇಡೀ ಸಾಲು ನನ್ನ ಕಡೆ ತಿರುಗಿತು. ಬಾಯಲ್ಲಿ ಲವಂಗ ಇರಲಿಲ್ಲ. ಉತ್ತರ ಗೊತ್ತಿತ್ತು, ತುಟಿ ಬಿಚ್ಚಲಾಗಲಿಲ್ಲ. ಕಣ್ಣಲ್ಲಿ ನೀರು ಬಂತು. ಆಗ ಸಾಲಿನಲ್ಲಿದ್ದ ಮುದುಕಿಯೊಬ್ಬಳು ಮುಂದೆ ಬಂದಳು. ಆಕೆ ಆಗಷ್ಟೇ ಯಾವುದೋ ಮಠಕ್ಕೆ ಹೋಗಿ, ಮಳೆಗಾಗಿ ಮೌನ ಅನುಷ್ಠಾನಕ್ಕೆ ಕೂತ ಸ್ವಾಮಿಯೊಬ್ಬರ ದರ್ಶನ ಮಾಡಿ ಬಂದಿದ್ದಳು. ಕಂಡಲ್ಲೆಲ್ಲ ಆಕೆಗೆ ಅದೇ ಕಾಣುತ್ತಿತ್ತು.

"ಬಿಡ್ರೇ ಆಕೀಗಿ. ಮಾರಿ ನೋಡ್ರಿ, ಕಣ್ಣಾಗ ನೀರು ಬಂದ್ರೂ ತುಟಿ ಬಿಚ್ಚವಲ್ಲಳು. ಪೋರಿ ಮೂಗಿ ಅಲ್ಲ, ಮೌನ ಹಿಡದಾಳ. ಮಳಿ ಸಲುವಾಗೇ ಹಿಡದಾಳ," ಎಂದವಳೇ ನನ್ನ ಕಾಲಿಗೆ ಬಾಗಿದಳು.

ಜಗಳ ನಿಂತಿತು. ಅಷ್ಟು ಹೊತ್ತಿಗೆ ಅಕ್ಕೋರು ಕೊಡ ಹಿಡಿದು ಬಂದರು. ಒಬ್ಬಳು ಅವರನ್ನೇ ಕೇಳಿದಳು. "ಅಕ್ಕೋರೆ, ಈಕಿ ದಿನಾ ನಿಮ್ಮ ಮನಿಗಿ ಬರ್ತಾಳ. ನಿಮಗ ಗೊತ್ತಿರಬೇಕಲ್ಲರಿ, ಮೌನ ಹಿಡದದ್ದು ಖರೇ ಏನ್ರಿ?"

ನನಗೆ ಜೀವ ಬಂತು. ಈ ಭೂಮಿಯ ಮೇಲೆ ನನ್ನ ಅಂಜಿಕೆ ಗೊತ್ತಿದ್ದ ಒಬ್ಬರೇ ಒಬ್ಬರು ಬಂದಿದ್ದಾರೆ, ಇನ್ನೇನು ಬಿಡಿಸುತ್ತಾರೆ ಎಂದುಕೊಂಡೆ. ಅಕ್ಕೋರು ನನ್ನ ಕಡೆ ನೋಡಿದರು. ತಲೆ ಅಲ್ಲಾಡಿಸಿದೆ, ಅಲ್ಲ ಎಂದು. ಅವರು ನೋಡಿದರು, ನೋಡಿಯೇ ಹೇಳಿದರು.

"ಹೌದ್ರಿ. ಮಳಿ ಬರೋತನ ಮಾತಾಡಂಗಿಲ್ಲ ಅಂದಾಳ."

ಸಂಜೆ ಅವರ ಕೋಣೆಗೆ ಹೋದೆ. ಕೋಪ ಬಂದರೆ ಅಂಜಿಕೆ ಹಿಂದೆ ಸರಿಯುತ್ತದೆಂದು ನನಗೆ ಅವತ್ತೇ ಗೊತ್ತಾದದ್ದು. "ನೀವು ಇಲ್ಲ ಅನ್ನಬೇಕಿತ್ತು," ಎಂದೆ.

ಅವರು ಸಮಾಧಾನದಿಂದಲೇ ಮಾತಾಡಿದರು. "ಊರು ಖಾಲಿ ಆಗ್ಲಿಕತ್ತದ. ಮುಂಜಾನಿ ನೋಡಿದಿಲ್ಲ, ಬಡದಾಡೋರು ಹ್ಯಾಂಗ ಸುಮ್ಮನಾದ್ರು? ಮಂದಿಗಿ ನಂಬಲಿಕ್ಕಿ ಏನರೆ ಬೇಕು. ನಂಬಿ ನಾಲ್ಕು ದಿನ ನಿಂತ್ರ ಸಾಲಿ ಉಳೀತದ. ಮಳಿ ಬಂದೇ ಬರ್ತದ."

"ಮತ್ತ ಝಂಡಾ ದಿನ ಓದೋದು?"

"ಬರೋ ವರ್ಷ ಓದು ಅಂತ. ಹ್ಯಾಂಗೂ ನೀ ಮಂದಿ ಮುಂದ ಮಾತಾಡಂಗಿಲ್ಲಲ್ಲ."

ನನ್ನ ಮಾತು ಕೇಳಿದ್ದ ಒಬ್ಬರೇ ಒಬ್ಬರು ಹೀಗೆಂದರು. ಭಾಲ್ಕಿಯ ಬಳೆಗಳು ಆಗಲೂ ನನ್ನ ಕೈಯಲ್ಲಿದ್ದವು.

ಮನೆಗೆ ಬಂದು ಅವ್ವನಿಗೆ ಎಲ್ಲ ಹೇಳಬೇಕೆಂದು ಬಾಯಿ ತೆರೆದೆ. ಅವ್ವ ಓಡಿಬಂದು ನನ್ನ ಬಾಯಿಗೆ ಕೈ ಇಟ್ಟಳು. "ಶ್! ವ್ರತಾ ಮುರೀಬ್ಯಾಡ ನನ್ನವ್ವಾ." ಅವಳ ಕಣ್ಣು ತುಂಬಿದ್ದವು. ಮೂಗಿಯನ್ನು ಹೆತ್ತವಳು ಎಂದು ಅಷ್ಟು ವರ್ಷ ತಲೆ ತಗ್ಗಿಸಿ ನಡೆದವಳಿಗೆ ಅವತ್ತು ಮೂವರು ಹೆಂಗಸರು ಮನೆಗೆ ಬಂದು ಕುಂಕುಮ ಕೊಟ್ಟು ಹೋಗಿದ್ದರು. ಅಪ್ಪ ಕರಣಿಯ ಗಂಟು ಬಿಚ್ಚಿ ಗೋಡೆಗೆ ತೂಗುಹಾಕಿದ. ಮಗಳು ಮಳೆ ತರಿಸುತ್ತೇನೆಂದು ಕೂತಿರುವಾಗ ಊರು ಬಿಡುವುದು ಹೇಗೆ? ಹಾಗೆ ನಾನು ಮಾತಾಡಬಹುದಾಗಿದ್ದ ಒಂದೇ ಮನೆಯ ಬಾಗಿಲೂ ಮುಚ್ಚಿತು. ಆ ಮೇಲೆ ನಾನು ಆಡಿನ ಜೊತೆಗೂ ಮಾತಾಡಲಿಲ್ಲ, ಯಾಕೆಂದರೆ ಗೋಡೆಯಾಚೆ ಅವರಿದ್ದರು.

ಜನ ಬರತೊಡಗಿದರು. ಪಕ್ಕದ ಊರುಗಳಿಂದಲೂ ಬಂದರು. ತೆಂಗಿನಕಾಯಿ, ಊದಿನಕಡ್ಡಿ, ಹೂವು. ನೋಟ ಬಿದ್ದರೆ ನಡುಗುವವಳನ್ನು ನಡುಮನೆಯಲ್ಲಿ ಕಂಬಳಿ ಹಾಸಿ ಕೂರಿಸಿ ನೋಡಿದರು. ಸುಮ್ಮನೆ ಎದುರು ಕೂತು ನೋಡುವುದು, ಅಷ್ಟೇ ಅವರ ಭಕ್ತಿ. ನಾನು ಬೆವರಿದರೆ ದೇವರು ಮೈಮೇಲೆ ಬಂದನೆಂದರು. ಕಣ್ಣು ಮುಚ್ಚಿಕೊಂಡರೆ ಧ್ಯಾನವೆಂದರು. ಓಡಿಹೋಗಿ ಹಿತ್ತಲಲ್ಲಿ ವಾಂತಿ ಮಾಡಿಕೊಂಡರೆ, ಉಪವಾಸವೂ ಇದ್ದಾಳೆ, ಅದರ ಪಿತ್ತ ಎಂದರು. ನಾನು ಏನು ಮಾಡಿದರೂ ಅದಕ್ಕೊಂದು ಅರ್ಥ ಸಿದ್ಧವಾಗಿರುತ್ತಿತ್ತು. ನಿಜವೊಂದನ್ನು ಬಿಟ್ಟು.

ಝಂಡಾ ದಿನ ಬಂತು. ಮಳೆ ಬರಲಿಲ್ಲ. ನನ್ನನ್ನು ಕುರ್ಚಿಯ ಮೇಲೆ ಕೂರಿಸಿ ಹಾರ ಹಾಕಿದರು. ಅಕ್ಕೋರು ನನಗಾಗಿ ಬರೆದದ್ದನ್ನು ಇನ್ನೊಬ್ಬ ಹುಡುಗಿ ಓದಿದಳು. ಎರಡು ಕಡೆ ತಪ್ಪಿದಳು. ಯಾರೂ ನಗಲಿಲ್ಲ, ಚಪ್ಪಾಳೆ ತಟ್ಟಿದರು. ತಪ್ಪಿದರೂ ನಗುವುದಿಲ್ಲ ಎಂಬುದನ್ನು ನಾನು ಹಾರ ಹಾಕಿಕೊಂಡು ಕೂತು ನೋಡಬೇಕಾಯಿತು. ಎದ್ದು ಕಿರುಚಬೇಕೆನಿಸಿತು... ಆಗಲಿಲ್ಲ.

ಆಮೇಲಾಮೇಲೆ ಜನರ ದನಿ ಬದಲಾಯಿತು. ನಂಬಿ ನಿಂತವರು ಕೆಟ್ಟಿದ್ದರು. ಮೊದಲೇ ಹೋದವರಿಗೆ ಕೆಲಸ ಸಿಕ್ಕಿತ್ತು. ಪಂಪೂ ಬತ್ತುತ್ತ ಬಂತು. ಮೌನ ಹಿಡಿದಿದ್ದಾಳೆ ಎಂದು ಹೇಳಿದವರು ನೀವೇ ಅಲ್ಲವೇ, ಮಳೆ ಎಲ್ಲಿ ಎಂದು ಜನ ಅಕ್ಕೋರನ್ನು ಶಾಲೆಯ ಅಂಗಳದಲ್ಲಿ ನಿಲ್ಲಿಸಿ ಕೇಳಿದರು. ನಾನು ಅವ್ವನ ಹಿಂದೆ ನಿಂತಿದ್ದೆ. ಈಗಲಾದರೂ ನಿಜ ಹೇಳಿಯಾರು, ಹುಡುಗಿಗೆ ಅಂಜಿಕೆ, ಅವಳನ್ನು ಬಿಡಿ ಎಂದಾರು ಎಂಬ ಆಸೆ ಇನ್ನೂ ಇತ್ತು. ಎಂಥ ಪೆದ್ದಿ ನಾನು!

ಅಕ್ಕೋರು ಈ ಸಲ ನನ್ನ ಕಡೆ ನೋಡಲಿಲ್ಲ. "ನಾ ಏನು ಮಾಡಲಿರಿ? ಆಕಿ ವ್ರತಾ ಮುರದಾಳ. ನಮ್ಮ ಮನ್ಯಾಗೇ ಮಾತಾಡಿದ್ಲು, ನನ್ನ ಕಿವೀಲೆ ಕೇಳೇನಿ," ಎಂದರು.

ಆ ದಿನಗಳಲ್ಲಿ ನಾನು ಅವರ ಮನೆಯಲ್ಲಿ ಆಡಿದ್ದು ಒಂದೇ ಸಂಜೆಯ ಮಾತು. ನೀವು ಇಲ್ಲ ಅನ್ನಬೇಕಿತ್ತು ಎಂಬ ಮಾತು. ಅದನ್ನೇ ತೆಗೆದು ನನ್ನ ಮೇಲೆ ಎಸೆದರು.

ಹುಟ್ಟಿದಾಗಿನಿಂದ ಊರಲ್ಲಿ ಬಾಯಿ ಬಿಡದವಳಿಗೆ ಬಾಯಿಬಡಕಿ ಎಂಬ ಹೆಸರು ಬಂತು. ಅವ್ವ ನನ್ನನ್ನು ಹೊಡೆಯಲಿಲ್ಲ, ಬೈಯಲೂ ಇಲ್ಲ. ನೀರಿಗೆ ಹೋಗುವುದನ್ನು ಬಿಟ್ಟಳು. ಎರಡು ದಿನದಲ್ಲಿ ನಾವೂ ಹೈದರಾಬಾದಿನ ಲಾರಿ ಹತ್ತಿದೆವು. ಮೇಸ್ತ್ರಿ ಅಷ್ಟರಲ್ಲಿ ಬೇರೆ ಗೌಂಡಿಗಳನ್ನು ಇಟ್ಟುಕೊಂಡಿದ್ದ. ಗೋಡೆ ಕಟ್ಟುತ್ತಿದ್ದ ಅಪ್ಪ ಬೇರೆಯವರು ಕಟ್ಟುವ ಗೋಡೆಗೆ ಬುಟ್ಟಿ ಹೊತ್ತ. ನಾನೂ ಹೊತ್ತೆ. ಅಲ್ಲಿ ಬುಟ್ಟಿ ಹೊರುವವರಿಗೆ ಮಾತು ಬೇಕಾಗಿರಲಿಲ್ಲ, ಅಂಜಿಕೆ ಬೇರೂರಿ ಬೆಳೆಯಿತು.

ಮದುವೆಯಾಗಿ ಬೀದರಿಗೆ ಬಂದು, ಎಷ್ಟೋ ವರ್ಷದ ಮೇಲೆ ಅಲ್ಲೇ ಹತ್ತಿರದ ಕೊಳಾರದ ಕೈಗಾರಿಕಾ ಪ್ರದೇಶದ ಗೋದಾಮೊಂದರಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿದೆ. ತಲೆ ತಗ್ಗಿಸಿ ಡಬ್ಬಿ ತುಂಬುವ ಕೆಲಸ, ನನಗೆ ಹೇಳಿ ಮಾಡಿಸಿದಂತಿತ್ತು. ಕೆಲಸ ಚೆನ್ನಾಗಿ ಮಾಡುತ್ತಾಳೆ ಎಂದು ನನ್ನನ್ನು ಸೂಪರ್‌ವೈಸರ್ ಮಾಡಿದರು. ದಿನಾ ಬೆಳಿಗ್ಗೆ ಎಲ್ಲರ ಎದುರು ನಿಂತು ಹೆಸರು ಕೂಗಬೇಕು. ಮೊದಲ ದಿನವೇ ಎದೆ ಹಿಡಿದುಕೊಂಡು ಕುಸಿದೆ. ಹೃದಯಕ್ಕೆ ಏನೂ ಆಗಿಲ್ಲ ಎಂದು ಪರೀಕ್ಷೆ ಮಾಡಿದವರು ಮನೋವೈದ್ಯರ ಹತ್ತಿರ ಕಳಿಸಿದರು. ಹುಚ್ಚರ ಡಾಕ್ಟರ ಬಳಿ ಯಾಕೆ ಎಂದು ಗಂಡ ಮುಖ ಸಿಂಡರಿಸಿದ, ಆದರೂ ಕರೆದೊಯ್ದ.

ಆ ವೈದ್ಯರು ಬೀದರಿನವರೇ. ಎಲ್ಲ ಕೇಳಿಸಿಕೊಂಡು ಹೇಳಿದರು. "ಇದಕ್ಕ ಸಾಮಾಜಿಕ ಆತಂಕ ಅಂತಾರ್ರಿ. ನಾಚಿಕಿ ಬ್ಯಾರೆ, ಇದು ಬ್ಯಾರೆ. ಮಂದಿ ನನ್ನನ್ನ ತೂಗಿ ನೋಡ್ಲಿಕತ್ತಾರ, ನಾ ತಪ್ಪತೇನಿ, ಮಾನ ಹೋಗ್ತದ ಅನ್ನೋ ಅಂಜಿಕಿ. ಅಂಜಿ ತಪ್ಪಿಸಿಕೊಂಡಷ್ಟೂ ಅದು ಬೆಳೀತದ." ಕೆಲವು ತಿಂಗಳು ಗುಳಿಗೆ ಕೊಟ್ಟರು. ಅದಕ್ಕಿಂತ ಹೆಚ್ಚಾಗಿ ಮಾತಿನಿಂದ ಚಿಕಿತ್ಸೆ ಮಾಡಿದರು. ಅತಿ ಕಡಿಮೆ ಅಂಜಿಕೆಯ ಕೆಲಸದಿಂದ ಅತಿ ಹೆಚ್ಚಿನದರವರೆಗೆ ಮೆಟ್ಟಿಲು ಮಾಡಬೇಕು. ಒಂದೊಂದಾಗಿ ಹತ್ತಬೇಕು. ಅಂಜಿಕೆ ಏರಿದರೂ ಓಡಬಾರದು, ನಿಂತರೆ ಅದೇ ಇಳಿಯುತ್ತದೆ. ಏನಾಗುತ್ತದೆಂದು ಹೆದರಿದ್ದೆ, ನಿಜವಾಗಿ ಏನಾಯಿತು ಎಂದು ಪ್ರತಿಸಲ ನೋಡಿಕೊಳ್ಳಬೇಕು. ಮೊದಲ ಮೆಟ್ಟಿಲು, ಗುರುತಿಲ್ಲದ ಅಂಗಡಿಯಲ್ಲಿ ಏನಾದರೊಂದು ಕೇಳುವುದು.

ನಾನು ಅಳಲು ಶುರುಮಾಡಿದೆ. ಬೆನ್ನು ಹಾಕಿ ರೊಟ್ಟಿ ಬಡಿದದ್ದು, ಭಾಲ್ಕಿಯ ಬಳೆ ಅಂಗಡಿ, ಲವಂಗ, ಎಲ್ಲ ಹೇಳಿದೆ. ವೈದ್ಯರು ಪೆನ್ನು ಕೆಳಗಿಟ್ಟರು. ಲವಂಗ ಮಾತ್ರ ಬೇಡವಾಗಿತ್ತು, ಅದಿಲ್ಲದೆ ಆಗುವುದಿಲ್ಲ ಎಂದು ಮನಸ್ಸು ನಂಬಿಬಿಡುತ್ತದೆ ಎಂದರು. ಆಮೇಲೆ, "ಯಾರೋ ನಿಮಗ ಅರ್ಧಾ ಚಿಕಿತ್ಸಾ ಕೊಟ್ಟಾರ್ರಿ," ಎಂದರು.

"ಅರ್ಧಾ ಅಲ್ರಿ. ಕೊಟ್ಟು ಕಸಗೊಂಡಾರ," ಎಂದೆ.

ಏನೂ ಗೊತ್ತಿಲ್ಲದೆ ಮಾಡಿದ್ದರೆ ಕ್ಷಮಿಸಬಹುದಿತ್ತು. ತಾಯಿತ ಕಟ್ಟಿದವರನ್ನು, ಕಾಲಿಗೆ ಬಿದ್ದ ಮುದುಕಿಯನ್ನು ನಾನು ಎಂದೋ ಕ್ಷಮಿಸಿದ್ದೇನೆ. ಇವರಿಗೆ ಗೊತ್ತಿತ್ತು. ಅದು ಅಂಜಿಕೆ ಎಂದು ಗೊತ್ತಿತ್ತು, ಹೇಗೆ ಬಿಡಿಸಬೇಕೆಂದೂ ಗೊತ್ತಿತ್ತು. ಗೊತ್ತಿದ್ದೂ ಶಾಲೆ ಉಳಿಸಲು ನನ್ನನ್ನು ಅಡ್ಡ ಹಿಡಿದರು, ಆಮೇಲೆ ತಮ್ಮನ್ನು ಉಳಿಸಿಕೊಳ್ಳಲು. ಶಾಲೆಯೂ ಉಳಿಯಲಿಲ್ಲ ಅನ್ನಿ.

ವರ್ಷಕ್ಕೂ ಮೀರಿ ಹಿಡಿಯಿತು, ಆದರೆ ಮೆಟ್ಟಿಲು ಹತ್ತಿದೆ. ಗೋದಾಮಿನಲ್ಲಿ ಹೆಸರು ಕೂಗಿದೆ. ಮಗಳ ಶಾಲೆಯ ಸಭೆಯಲ್ಲಿ ಪ್ರಶ್ನೆ ಕೇಳಿದೆ. ಕೊನೆಯ ಮೆಟ್ಟಿಲು ಯಾವುದಿರಬೇಕೆಂದು ವೈದ್ಯರು ಕೇಳಿದಾಗ, ಅಕ್ಕೋರ ಎದುರು ನಿಂತು ಮಾತಾಡುವುದು ಎಂದೆ. ನಿವೃತ್ತಿಯಾಗಿ ಭಾಲ್ಕಿಯಲ್ಲಿದ್ದಾರೆಂದು ಗೊತ್ತಿತ್ತು. ಇವತ್ತು ನಾಳೆ ಎನ್ನುತ್ತಲೇ ಇದ್ದೆ. ಹೋದ ಚಳಿಗಾಲದಲ್ಲಿ ಸುದ್ದಿ ಬಂತು, ಅಕ್ಕೋರು ತೀರಿಕೊಂಡರೆಂದು. ಹಳೆಯ ವಿದ್ಯಾರ್ಥಿಗಳು ಭಾಲ್ಕಿಯಲ್ಲೇ ನುಡಿನಮನ ಇಟ್ಟುಕೊಂಡಿದ್ದರು.

ಹೋದೆ. ಫೋಟೋಕ್ಕೆ ಹಾರ ಹಾಕಿದ್ದರು. ಒಬ್ಬೊಬ್ಬರೇ ಎದ್ದು ತ್ಯಾಗ, ಮಮತೆ, ಶಿಸ್ತು ಎಂದು ಮಾತಾಡಿದರು. ಸುಳ್ಳೇನೂ ಅಲ್ಲ, ಅವರ ಪಾಲಿಗೆ ಅದು ನಿಜವೇ. ಇನ್ನು ಯಾರಾದರೂ ಇದ್ದೀರಾ ಎಂದಾಗ ನಾನು ಎದ್ದು ನಿಂತೆ. ಎದೆ ಹೊಡೆದುಕೊಂಡಿತು. ಇಳಿಯುವ ತನಕ ನಿಂತೆ.

"ನಾ ಮಳಿಗಾಗಿ ಮೌನ ಹಿಡದ ಪೋರಿ ಇದ್ದೇನ್ರಿ. ನಾ ಯಾವ ವ್ರತಾನೂ ಹಿಡದಿರಲಿಲ್ಲ. ನನಗ ಮಂದಿ ಅಂಜಿಕಿ ಇತ್ತು. ಅದು ಅಕ್ಕೋರಿಗಿ ಗೊತ್ತಿತ್ತು."

ನನ್ನ ದನಿ ನಡುಗಿರಲಿಲ್ಲ. ನಿರೂಪಣೆ ಮಾಡುತ್ತಿದ್ದವರು ಕೆಮ್ಮಿ, ಊಟಕ್ಕೆ ಏಳಬೇಕೆಂದು ಕೋರಿದರು.

ಪಂಕ್ತಿಯಲ್ಲಿ ನನ್ನ ಪಕ್ಕ ನಮ್ಮೂರಿನವಳೊಬ್ಬಳು ಕೂತಳು. ಕೈಪಂಪಿನ ಸಾಲಿನಲ್ಲಿ ಅವಳೂ ಇದ್ದಳು. ತಗ್ಗಿದ ದನಿಯಲ್ಲಿ ಕೇಳಿದಳು. "ಮತ್ತ ಅವರ ಮನ್ಯಾಗ ನೀ ಮಾತಾಡಿದ್ದು?"

"ಖರೇ," ಎಂದೆ. "ನಾ ಮಾತು ಕಲ್ತದ್ದೇ ಅಲ್ಲಿ."

ಅವಳು ತಲೆದೂಗಿ ಅನ್ನಕ್ಕೆ ಸಾರು ಕಲಸಿಕೊಂಡಳು. "ಹಂಗಾದ್ರ ಅಕ್ಕೋರು ಸುಳ್ಳು ಹೇಳಿರಲಿಲ್ಲ ಬಿಡು."

ಈಗ ನಾನು ಯಾರ ಜೊತೆ ಬೇಕಾದರೂ ಮಾತಾಡುತ್ತೇನೆ, ಬೇಡವೆಂದರೂ ಮಾತಾಡುತ್ತೇನೆ ಎಂದು ಮಗಳ ದೂರು. ಪಂಕ್ತಿಯ ಆ ಹೆಂಗಸಿಗೆ ಹೇಳಬೇಕಾಗಿದ್ದ ಉತ್ತರಗಳು ಆಮೇಲೆ ಎಷ್ಟೋ ಹೊಳೆದವು. ಆದರೆ ನನಗೆ ಬೇಕಿದ್ದದ್ದು ಆಕೆಯ ಜೊತೆಗಿನ ಮಾತಲ್ಲ. ಎದ್ದು ನಿಂತ ನನ್ನನ್ನು ನೋಡಿ ಬೆನ್ನು ತಟ್ಟಬೇಕಾಗಿದ್ದವರೂ ಒಬ್ಬರೇ, ತಲೆ ತಗ್ಗಿಸಬೇಕಾಗಿದ್ದವರೂ ಅವರೇ. ಆ ಒಬ್ಬರು ಫೋಟೋದಲ್ಲಿದ್ದರು... ಮತ್ತು ಅಲ್ಲಿಯೂ ನನ್ನ ಕಡೆ ನೋಡುತ್ತಿರಲಿಲ್ಲ.